ಬಣ್ಣದ ಕಾಲುಚೀಲದ ಒಳಮೈ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಒಮ್ಮೆ ಹೋಗಿ ಬಂದವರು ಅಲ್ಲಿನ ಕನ್ನಡಿಯನ್ನು ಮರೆಯುವುದಿಲ್ಲ. ಏಳು ಹೆಡೆಯ ಸುಬ್ರಹ್ಮಣ್ಯ ಪೂರ್ವಕ್ಕೆ ಮುಖ ಮಾಡಿದ್ದರೆ, ಅದೇ ಶಿಲೆಯ ಬೆನ್ನಿಗೆ ನರಸಿಂಹ ಪಶ್ಚಿಮಕ್ಕೆ ಮುಖ ಮಾಡಿದ್ದಾನೆ. ಎದುರು ನಿಂತ ಭಕ್ತರಿಗೆ ಹಿಂಬದಿ ಕಾಣುವುದು ಹೇಗೆ? ಅದಕ್ಕೆಂದೇ ಗರ್ಭಗುಡಿಯೊಳಗೆ, ಮೂರ್ತಿಯ ಹಿಂದೆ ದೊಡ್ಡದೊಂದು ಕನ್ನಡಿಯನ್ನು ನಿಲ್ಲಿಸಿದ್ದಾರೆ. ಮುಂದಿನದನ್ನು ನೇರವಾಗಿ, ಹಿಂದಿನದನ್ನು ಪ್ರತಿಬಿಂಬದಲ್ಲಿ, ಎರಡನ್ನೂ ಒಟ್ಟಿಗೆ ನೋಡಿದರೇ ದರ್ಶನ ಪೂರ್ತಿಯಾಯಿತೆಂದು ಜನ ಕೈಮುಗಿಯುತ್ತಾರೆ.

ಹಿಂಬದಿಯನ್ನೂ ನೋಡುವ ಈ ರೂಢಿ ದೇವಸ್ಥಾನದಿಂದ ಇಳಿದು ಬಂದರೆ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲೂ ಸಿಗುತ್ತದೆ. ಒಂದು ಕಾಲಕ್ಕೆ ಕೈಮಗ್ಗವಿದ್ದ ಮನೆಗಳಲ್ಲಿ ಈಗ ವಿದ್ಯುತ್ ಮಗ್ಗಗಳ ಸದ್ದು. ಅಲ್ಲಿ ಸೀರೆ ಕೊಳ್ಳಲು ಬರುವ ಅನುಭವಸ್ಥ ಹೆಂಗಸು ಸೆರಗಿನ ಅಂದವನ್ನು ಒಂದು ಗಳಿಗೆ ನೋಡಿ, ತಕ್ಷಣ ಅದನ್ನು ಮಗುಚುತ್ತಾಳೆ. ಬುಟ್ಟಾ ಮೂಡಿಸಿದ ಬಣ್ಣದ ಎಳೆಗಳು ಹಿಂಬದಿಯಲ್ಲಿ ಹೇಗೆ ಹಾದಿವೆ, ಉದ್ದುದ್ದ ಬಿಟ್ಟಿದ್ದಾರೆಯೇ, ಕತ್ತರಿಸಿದ್ದಾರೆಯೇ, ಬೆರಳಿಗೆ ಸಿಕ್ಕಿಕೊಳ್ಳುತ್ತದೆಯೇ ಎಂದು ಸವರಿ ನೋಡುತ್ತಾಳೆ. ಸೀರೆಯ ಮುಖ ಅಂಗಡಿಯವನು ತೋರಿಸುವುದು. ಬೆನ್ನು ಕೊಳ್ಳುವವರು ಕೇಳಿ ನೋಡಬೇಕಾದದ್ದು.

ಇಲ್ಲಿ ಹೇಳಹೊರಟಿರುವುದು ಸೀರೆಯ ವಿಷಯವಲ್ಲ, ಅದಕ್ಕಿಂತ ಬಹಳ ಸಣ್ಣ ವಸ್ತುವಿನದು: ಎರಡು ಬಣ್ಣದ ದಾರದಲ್ಲಿ ಚಿತ್ತಾರ ಮೂಡಿಸಿ, ಕಾಲ್ಬೆರಳ ತುದಿಯಿಂದ ಆರಂಭಿಸಿ ಮೇಲಕ್ಕೆ ಕೈಯಲ್ಲಿ ಹೆಣೆಯುವ ಕಾಲುಚೀಲ. ಪುಷ್ಯ ಮಾಸದ ಷಷ್ಠಿಯ ರಥೋತ್ಸವದ ಹೊತ್ತಿಗೆ ಘಾಟಿಯಲ್ಲಿ ದನಗಳ ಜಾತ್ರೆ ಕೂಡುವುದು ವಾಡಿಕೆ. ಹಳ್ಳಿಕಾರ್ ಹೋರಿಗಳ ಪಕ್ಕದಲ್ಲಿ ರಾತ್ರಿ ಕಳೆಯುವ ರೈತ ಕಂಬಳಿ ಹೊದೆಯುತ್ತಾನೆಯೇ ಹೊರತು ಕಾಲುಚೀಲ ತೊಡುವುದಿಲ್ಲ ಎಂಬುದು ನಿಜ. ನಮ್ಮ ಸೀಮೆಯಲ್ಲಿ ಕಾಲುಚೀಲವೆಂದರೆ ಶಾಲೆಯ ಸಮವಸ್ತ್ರದ ಒಂದು ಭಾಗ, ಅಷ್ಟೆ. ಆದರೆ ಗಣಿತ, ಭೌತವಿಜ್ಞಾನ, ಇತಿಹಾಸ ಮೂರೂ ಇಷ್ಟು ಸಣ್ಣ ಚೀಲವೊಂದರಲ್ಲಿ ಸೇರಿರುವುದು ಅಪರೂಪ. ಪಠ್ಯಪುಸ್ತಕ ತೆರೆಯದೆಯೇ ಅದನ್ನು ಬಿಚ್ಚಿ ನೋಡಬಹುದು.

ಶಾಲೆಯ ಕಾಲುಚೀಲದಿಂದಲೇ ಶುರುಮಾಡೋಣ. ನಾಳೆ ಬೆಳಿಗ್ಗೆ ಬೂಟು ಹಾಕುವ ಮುನ್ನ ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ಸಾಲುಸಾಲಾಗಿ ಇಂಗ್ಲಿಷಿನ ವಿ ಅಕ್ಷರದಂಥ ಗುರುತುಗಳು ಕಾಣುತ್ತವೆ. ಪ್ರತಿಯೊಂದು ವಿ ಒಂದೊಂದು ಕುಣಿಕೆ. ವಿ ಅಕ್ಷರದ ಚೂಪು ತುದಿ ಯಾವ ಕಡೆಗಿದೆಯೋ ಹೆಣಿಗೆ ಆ ಕಡೆಯಿಂದ ಹೊರಟಿದೆ, ಬಾಯಿ ತೆರೆದ ಕಡೆಗೆ ಸಾಗಿದೆ. ಕಾರ್ಖಾನೆಯಲ್ಲಿ ತಯಾರಾದ ಕಾಲುಚೀಲದಲ್ಲಿ ಸಾಮಾನ್ಯವಾಗಿ ಚೂಪು ತುದಿ ಮೇಲಿನ ಪಟ್ಟಿಯ ಕಡೆಗಿರುತ್ತದೆ. ಯಂತ್ರವು ಮೇಲಿನಿಂದ ಹೊರಟು ಬೆರಳಿನ ಕಡೆಗೆ ಇಳಿದು ಬಂದು, ಕೊನೆಗೆ ತೆರೆದುಳಿದ ಬಾಯಿಯನ್ನು ಹೊಲಿದು ಮುಚ್ಚಿದೆ. ಬೆರಳುಗಳ ಮೇಲೆ ಅಡ್ಡಲಾಗಿ ಬರುವ, ಬೂಟಿನೊಳಗೆ ದಿನವಿಡೀ ಒತ್ತುವ ಆ ಗೆರೆ ಇದೇ. ಬೆರಳ ತುದಿಯಿಂದ ಆರಂಭಿಸಿದ ಕಾಲುಚೀಲದಲ್ಲಿ ಈ ಗೆರೆ ಇರುವುದಿಲ್ಲ.

ಸಾವಿರ ವರ್ಷದ ನೀಲಿ–ಬಿಳಿ

ಬೆರಳಿನಿಂದ ಮೇಲಕ್ಕೆ ಹೆಣೆಯುವುದು ಇತ್ತೀಚಿನ ಫ್ಯಾಷನ್ ಎಂದು ತಿಳಿದವರುಂಟು. ವಾಸ್ತವವಾಗಿ ಉಳಿದುಬಂದಿರುವ ಅತಿ ಹಳೆಯ ಕಡ್ಡಿ ಹೆಣಿಗೆಯ ವಸ್ತುಗಳಲ್ಲಿ ಈಜಿಪ್ಟಿನ ಹತ್ತಿಯ ಕಾಲುಚೀಲಗಳೇ ಪ್ರಮುಖವಾದವು. ಅವು ಸುಮಾರು 11ರಿಂದ 13ನೇ ಶತಮಾನದವು. ಬಿಳಿ ಮತ್ತು ನೀಲಿ ಎರಡೇ ಬಣ್ಣ. ಪಟ್ಟಿಪಟ್ಟಿಯಾಗಿ ಚಿತ್ತಾರ, ಕೆಲವದರಲ್ಲಿ ಅರಬ್ಬಿ ಬರವಣಿಗೆಯನ್ನು ಹೋಲುವ ಅಲಂಕಾರ. ವಾಷಿಂಗ್ಟನ್ನಿನ ಜವಳಿ ವಸ್ತುಸಂಗ್ರಹಾಲಯದಲ್ಲೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲೂ ಇಂಥವನ್ನು ಕಾಪಾಡಿದ್ದಾರೆ. ಬೆರಳ ತುದಿಯಿಂದ ಹೊರಟು ಮೇಲಕ್ಕೆ ಸಾಗಿದ ಕೆಲಸ ಅದು. ಯಾರೂ ಬರೆದಿಡದಿದ್ದರೂ ಇದು ನಮಗೆ ತಿಳಿದಿರುವುದು, ನೀವು ಈಗತಾನೆ ನೋಡಿದ ವಿ ಗುರುತಿನಂಥ ಸಾಕ್ಷ್ಯದಿಂದಲೇ. ನೂಲು ಸುಳ್ಳು ಹೇಳುವುದಿಲ್ಲ.

ಅದಕ್ಕಿಂತಲೂ ಹಳೆಯ, 3ರಿಂದ 5ನೇ ಶತಮಾನದ ನಡುವಿನ ಕೆಂಪು ಉಣ್ಣೆಯ ಜೋಡಿಯೊಂದು ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದೆ. ಚಪ್ಪಲಿಯ ಉಂಗುಟದ ಪಟ್ಟಿ ಹಾಯಲೆಂದು ಹೆಬ್ಬೆರಳಿಗೇ ಬೇರೆ ಗೂಡು! ಚಪ್ಪಲಿಯ ಜೊತೆ ಕಾಲುಚೀಲ ಹಾಕಿಕೊಳ್ಳುವವರನ್ನು ನೋಡಿ ನಗುವವರು ಇದನ್ನು ಗಮನಿಸಬೇಕು. ಆದರೆ ಅದು ಎರಡು ಕಡ್ಡಿಯ ಹೆಣಿಗೆಯಲ್ಲ. ಒಂದೇ ಸೂಜಿಯಲ್ಲಿ ತುಂಡು ದಾರವನ್ನು ಕುಣಿಕೆಯಿಂದ ಕುಣಿಕೆಗೆ ಹಾಯಿಸಿ ಮಾಡಿದ ಬೇರೆಯೇ ವಿದ್ಯೆ. ಮೇಲ್ನೋಟಕ್ಕೆ ಎರಡೂ ಒಂದೇ ರೀತಿ ಕಾಣುವುದರಿಂದ ಹಿಂದೆ ತಜ್ಞರೂ ಮೋಸಹೋದದ್ದುಂಟು.

ಆ ಕಾಲದ ಈಜಿಪ್ಟಿಗೂ ನಮ್ಮ ದೇಶಕ್ಕೂ ಬಟ್ಟೆಯ ನಂಟು ಗಟ್ಟಿಯಾಗಿತ್ತು. ಹಳೆಯ ಕೈರೋದ ಭಾಗವಾದ ಫುಸ್ತಾತ್‌ನಲ್ಲಿ ಗುಜರಾತಿನ ಅಚ್ಚೊತ್ತಿದ ಹತ್ತಿ ಬಟ್ಟೆಯ ತುಂಡುಗಳು ಸಿಕ್ಕಿವೆ. ನೀಲಿ ಬಣ್ಣಕ್ಕೆ ಗ್ರೀಕರು ಇಟ್ಟ ಹೆಸರಿನ ಅರ್ಥವೇ ‘ಭಾರತದ್ದು’. ಇಂಡಿಗೊ ಎಂಬ ಇಂಗ್ಲಿಷ್ ಪದ ಅಲ್ಲಿಂದಲೇ ಬಂದದ್ದು. ಹೀಗೆ ಹತ್ತಿಯೂ ನೀಲಿಯೂ ನಮ್ಮಲ್ಲಿ ಧಾರಾಳವಾಗಿದ್ದರೂ ಕಡ್ಡಿ ಹೆಣಿಗೆ ಇಲ್ಲಿ ಬೇರೂರಲಿಲ್ಲ. ನಮ್ಮದು ಮಗ್ಗದ ನಾಡು, ಉಟ್ಟುಡುವ ನಾಡು. ಹೆಣಿಗೆ ಹೆಚ್ಚಾಗಿ ಬಂದದ್ದು ಯುರೋಪಿನವರ ಜೊತೆ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ 19ನೇ ಶತಮಾನದಲ್ಲಿ ಮೊರೇವಿಯನ್ ಮಿಷನರಿಗಳು ಕಲಿಸಿದ ಹೆಣಿಗೆಯನ್ನು ಅಲ್ಲಿನ ಹೆಂಗಸರು ಸಂಪೂರ್ಣ ತಮ್ಮದಾಗಿಸಿಕೊಂಡರು. ಲಾಹೌಲಿನ ಬಣ್ಣಬಣ್ಣದ ಕಾಲುಚೀಲಕ್ಕೆ ಈಗ, ಮೈಸೂರು ರೇಷ್ಮೆಗೆ ಇರುವಂತೆಯೇ, ಭೌಗೋಳಿಕ ಸೂಚಕದ ಮನ್ನಣೆ ಇದೆ.

ಕುಣಿಕೆ ಹಿಗ್ಗುತ್ತದೆ, ದಾರವಲ್ಲ

ಮಗ್ಗದ ಬಟ್ಟೆಗೂ ಹೆಣಿಗೆಗೂ ಇರುವ ವ್ಯತ್ಯಾಸವನ್ನು ತಿಳಿಯಲು ಒಂದು ಕರವಸ್ತ್ರ, ಒಂದು ಬನಿಯನ್ನು ಸಾಕು. ಎರಡೂ ಹತ್ತಿಯದೇ ಇರಲಿ. ಕರವಸ್ತ್ರವನ್ನು ಅಂಚಿನ ನೇರಕ್ಕೆ ಎಳೆದರೆ ಅದು ಜಗ್ಗುವುದಿಲ್ಲ. ಬನಿಯನ್ನು ರಬ್ಬರಿನಂತೆ ಅಗಲವಾಗುತ್ತದೆ. ದಾರ ಒಂದೇ ಆಗಿರುವಾಗ ಹೀಗೇಕೆ?

ಮಗ್ಗದಲ್ಲಿ ಹಾಸು ಹೊಕ್ಕು ಎರಡೂ ಹೆಚ್ಚುಕಡಿಮೆ ನೇರ ಗೆರೆಗಳು. ನೇರವಾಗಿರುವ ದಾರವನ್ನು ಇನ್ನಷ್ಟು ನೇರ ಮಾಡಲಾಗದು, ಹಾಗಾಗಿ ಬಟ್ಟೆ ಹಿಗ್ಗುವುದಿಲ್ಲ. ಕರವಸ್ತ್ರವನ್ನೇ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದು ನೋಡಿ. ಆಗ ಚೌಕ ವಜ್ರಾಕಾರವಾಗಿ ಬಾಗಿ ಸ್ವಲ್ಪ ಜಗ್ಗುತ್ತದೆ. ಹೆಣಿಗೆಯಲ್ಲಾದರೋ ಉದ್ದಕ್ಕೂ ದಾರ ಹಾವಿನಂತೆ ಬಳುಕಿದೆ. ಎಳೆದಾಗ ಕುಣಿಕೆಯ ಬಳುಕು ನೇರವಾಗುತ್ತದೆ, ಬಿಟ್ಟಾಗ ಮತ್ತೆ ಬಾಗುತ್ತದೆ. ಅಂದರೆ ಹಿಗ್ಗುವುದು ದಾರವಲ್ಲ, ಆಕಾರ. ಉಣ್ಣೆಯಲ್ಲಿ ಕೂದಲಿಗೇ ಸಹಜವಾದ ಗುಂಗುರು ಇರುವುದರಿಂದ ಅದು ಮರಳಿ ಕುಗ್ಗುವುದೂ ಚೆನ್ನಾಗಿ. ಹತ್ತಿ ಸೋಮಾರಿ, ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯಲು ನೋಡುತ್ತದೆ.

ಈಗ ಬಣ್ಣದ ಮಾತು. ಒಂದು ಸುತ್ತಿನಲ್ಲಿ ಕೆಂಪು ಮೂರು ಕುಣಿಕೆ, ಬಿಳಿ ಮೂರು ಕುಣಿಕೆ ಎಂದು ಹೆಣೆಯುವಾಗ ಕೆಂಪು ದಾರ ಕೆಲಸದಲ್ಲಿದ್ದಾಗ ಬಿಳಿ ಎಲ್ಲಿರುತ್ತದೆ? ಹಿಂಬದಿಯಲ್ಲಿ, ಸುಮ್ಮನೆ ಅಡ್ಡಲಾಗಿ ಹಾದು, ತನ್ನ ಸರದಿಗೆ ಕಾಯುತ್ತಿರುತ್ತದೆ. ಆ ಹಾದುಹೋದ ಎಳೆಗೆ ಕುಣಿಕೆಯಿಲ್ಲ, ಬಳುಕಿಲ್ಲ. ಅದು ನೇರ ದಾರ, ಮಗ್ಗದ ಹೊಕ್ಕಿನ ಹಾಗೆ. ಹೀಗಾಗಿ ಬಣ್ಣದ ಕಾಲುಚೀಲದ ಮುಖ ಹೆಣಿಗೆಯಾದರೂ ಬೆನ್ನು ಅರ್ಧ ನೇಯ್ಗೆಯೇ! ಮುಖ ಹಿಗ್ಗಲು ಬಯಸುತ್ತದೆ, ಬೆನ್ನು ಬಿಡುವುದಿಲ್ಲ. ಈ ಜಗ್ಗಾಟವೇ ಬಣ್ಣದ ಕಾಲುಚೀಲದ ನಿಜವಾದ ಕಷ್ಟ, ಚಿತ್ತಾರವಲ್ಲ.

ಅರವತ್ತರ ಲೆಕ್ಕ

ಹೆಣೆಯಲು ಬೇಕಾದದ್ದು ತೆಳ್ಳಗಿನ ನೂಲು ಎರಡು ಬಣ್ಣದ್ದು, ಎರಡೂ ತುದಿ ಚೂಪಾದ ಐದು ಕಡ್ಡಿ. ಕಡ್ಡಿಯ ದಪ್ಪ ಎರಡೂವರೆ ಮಿಲಿಮೀಟರ್ ಇದ್ದರೆ ಸಾಕು. ಸೈಕಲ್ ಚಕ್ರದ ಕಡ್ಡಿ ಸುಮಾರು 2 ಮಿ.ಮೀ. ದಪ್ಪವಿರುತ್ತದೆ, ತುದಿಗಳನ್ನು ಮರಳು ಕಾಗದದಲ್ಲಿ ನಯವಾಗಿ ತಿಕ್ಕಿಕೊಂಡರೆ ಬಿಗಿಯಾದ ಹೆಣಿಗೆಗೆ ಅದೂ ಆದೀತು. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್ ಎಂಬುದು ನೆನಪಿರಲಿ. ಹಿರಿಯರೊಬ್ಬರು ಎದುರಿಗಿದ್ದು, ತುಂಡು ಎಳೆಯನ್ನು ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿದರೆ ಗೊತ್ತಾಗುತ್ತದೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್, ಕಾಗದದಂತೆ ಉರಿದರೆ ಹತ್ತಿ.

ಮೊದಲು ಸಣ್ಣ ಚೌಕವೊಂದನ್ನು ಹೆಣೆದು ಅಳೆಯಬೇಕು. ಇದನ್ನು ಬಿಟ್ಟುಬಿಡುವ ಆತುರವೇ ಎಲ್ಲ ತೊಂದರೆಗಳ ಮೂಲ. 10 ಸೆಂಟಿಮೀಟರಿನಲ್ಲಿ ಅಡ್ಡಕ್ಕೆ 30 ಕುಣಿಕೆ, ಉದ್ದಕ್ಕೆ 40 ಸಾಲು ಬಂತೆನ್ನಿ. ಪಾದದ ಸುತ್ತಳತೆ 20 ಸೆಂ.ಮೀ. ಇದ್ದರೆ ಸುತ್ತಿಗೆ 60 ಕುಣಿಕೆ. ಅಳತೆಯಲ್ಲಿ ಸ್ವಲ್ಪ ತಪ್ಪಿ 10 ಸೆಂ.ಮೀ.ಗೆ 28 ಮಾತ್ರ ಬರುತ್ತಿದ್ದರೆ ಅದೇ 60 ಕುಣಿಕೆಯ ಚೀಲ 21.4 ಸೆಂ.ಮೀ. ಆಗಿ ಬೂಟಿನೊಳಗೆ ಮುದುರಿಕೊಳ್ಳುತ್ತದೆ.

60 ಎಂಬುದು ಈ ಕೆಲಸಕ್ಕೆ ಹೇಳಿಮಾಡಿಸಿದ ಸಂಖ್ಯೆ. 2, 3, 4, 5, 6, 10, 12, 15, 20, 30 – ಇಷ್ಟರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. ಆದ್ದರಿಂದ 6 ಕುಣಿಕೆಯ ಹೂವಾದರೆ ಹತ್ತು ಸಲ, 12 ಕುಣಿಕೆಯ ಬಳ್ಳಿಯಾದರೆ ಐದು ಸಲ ಸರಿಯಾಗಿ ಕೂರುತ್ತದೆ. ಗಂಟೆಗೆ 60 ನಿಮಿಷ, ದಿನಕ್ಕೆ 60 ಘಳಿಗೆ, ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ – ಲೆಕ್ಕದಲ್ಲಿ ಪಳಗಿದ ಹಿರಿಯರು ಈ ಸಂಖ್ಯೆಯನ್ನು ಮತ್ತೆ ಮತ್ತೆ ಹಿಡಿದದ್ದು ಸುಮ್ಮನಲ್ಲ. ಆದರೆ 8 ಕುಣಿಕೆಯ ನಕ್ಷತ್ರವನ್ನು ಆರಿಸಿಕೊಂಡರೆ? ಏಳು ನಕ್ಷತ್ರ ಮುಗಿದು ಅರ್ಧ ನಕ್ಷತ್ರ ಉಳಿಯುತ್ತದೆ. 56ಕ್ಕೆ ಇಳಿಸಿದರೆ ಚೀಲ ಬಿಗಿ, 64ಕ್ಕೆ ಏರಿಸಿದರೆ ಸಡಿಲ. ಮಗುವೇ ಕುಳಿತು ತೀರ್ಮಾನಿಸಲಿ. ಅಪವರ್ತನ ಕಲಿತದ್ದು ಎಲ್ಲಿಗೆ ಬಂತು ಎಂದು ಯಾರೂ ವಿವರಿಸಬೇಕಾಗುವುದಿಲ್ಲ.

ಚಿತ್ತಾರವನ್ನು ಗ್ರಾಫ್ ಹಾಳೆಯಲ್ಲಿ ಬರೆದುಕೊಳ್ಳುವುದು ವಾಡಿಕೆ. ಒಂದು ಚೌಕಕ್ಕೆ ಒಂದು ಕುಣಿಕೆ. ಇಲ್ಲೊಂದು ಬಲೆಯಿದೆ. ಕುಣಿಕೆ ಚೌಕವಲ್ಲ, ಎತ್ತರಕ್ಕಿಂತ ಅಗಲ ಹೆಚ್ಚು. ಮೇಲಿನ ಅಳತೆಯಲ್ಲಿ 10 ಕುಣಿಕೆಗೆ 3.3 ಸೆಂ.ಮೀ., 10 ಸಾಲಿಗೆ 2.5 ಸೆಂ.ಮೀ. ಹಾಳೆಯ ಮೇಲೆ ದುಂಡಗಿದ್ದ ಚಂದ್ರ ಕಾಲಿನ ಮೇಲೆ ಚಪ್ಪಟೆ! ಬರೆಯುವಾಗಲೇ ಎತ್ತರ ಮಾಡಿಕೊಳ್ಳಬೇಕು. ಮತ್ತೊಂದು ವಿಷಯ: ಬಲಗೈ ರೂಢಿಯವರು ಕುಣಿಕೆಗಳನ್ನು ಬಲದಿಂದ ಎಡಕ್ಕೆ ಹೆಣೆಯುತ್ತಾರೆ. ಆದ್ದರಿಂದ ನಕ್ಷೆಯನ್ನೂ ಕೆಳಗಿನ ಬಲಮೂಲೆಯಿಂದ ಎಡಕ್ಕೆ ಓದಬೇಕು. ಇದನ್ನು ಮರೆತು ಹೆಸರಿನ ಅಕ್ಷರ ಹೆಣೆದವರಿಗೆ ಸಿಗುವುದು ಅಕ್ಷರದ ಕನ್ನಡಿ ಪ್ರತಿಬಿಂಬ. ಸರಿಯಾಗಿ ಹೆಣೆದರೂ, ಬೆರಳಿನಿಂದ ಮೇಲಕ್ಕೆ ಬಂದ ಅಕ್ಷರ ಎದುರಿಗೆ ನಿಂತವರಿಗೆ ನೆಟ್ಟಗೆ ಕಾಣುತ್ತದೆ, ತೊಟ್ಟವರು ಬಗ್ಗಿ ನೋಡಿದರೆ ತಲೆಕೆಳಗು. ಏಕೆಂದು ಯೋಚಿಸಿ.

ಆರಂಭ ಹೇಗೆ? ಚೀಲದ ತುದಿಯಲ್ಲಿ ತೂತೂ ಇರಬಾರದು, ಹೊಲಿಗೆಯೂ ಇರಬಾರದು. ಹಳೆಯ ಉಪಾಯವೆಂದರೆ ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿದು 8ರ ಅಂಕಿಯಂತೆ ದಾರ ಸುತ್ತುವುದು. ಹತ್ತು ಸುತ್ತು ಹಾಕಿದರೆ ಮೇಲಿನ ಕಡ್ಡಿಯಲ್ಲಿ 10, ಕೆಳಗಿನದರಲ್ಲಿ 10, ಒಟ್ಟು 20 ಕುಣಿಕೆ. ನಡುವಿನ ಕುಣಿಕೆಗಳು ಸಡಿಲವಾಗುವುದು ಇದರ ದೋಷ. ಅಮೆರಿಕದ ಜೂಡಿ ಬೆಕರ್ ಎಂಬಾಕೆ 2006ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ದಾರದ ಎರಡು ತುದಿಗಳನ್ನೂ ಬಳಸಿ ಎರಡು ಕಡ್ಡಿಗಳಿಗೆ ಸರದಿಯಂತೆ ಕುಣಿಕೆ ಹಾಕುವುದರಿಂದ ಈ ದೋಷ ಹೋಯಿತು. ಸಾವಿರ ವರ್ಷದ ವಿದ್ಯೆಗೂ ಹೊಸದೊಂದು ಉಪಾಯ ಸೇರಲು ಜಾಗವಿತ್ತು ನೋಡಿ.

20ರಿಂದ 60ಕ್ಕೆ ಏರಬೇಕು. ಒಂದು ಸುತ್ತಿನಲ್ಲಿ ಎರಡೂ ಪಕ್ಕಗಳಲ್ಲಿ ಸೇರಿ 4 ಕುಣಿಕೆ ಹೆಚ್ಚಿಸಿ, ಮುಂದಿನ ಸುತ್ತನ್ನು ಹಾಗೆಯೇ ಹೆಣೆಯಬೇಕು. 24, 28, 32... ಹೀಗೆ 60ರವರೆಗೆ ಹತ್ತು ಪದಗಳ ಸಮಾಂತರ ಶ್ರೇಢಿ. ಮೊತ್ತ 420. ಪ್ರತಿ ಪದವೂ ಎರಡು ಸುತ್ತು ಇರುವುದರಿಂದ ಬೆರಳ ತುದಿಗೆ ಒಟ್ಟು 840 ಕುಣಿಕೆ, 20 ಸುತ್ತು, ಅಂದರೆ 5 ಸೆಂ.ಮೀ. ಈ ಭಾಗಕ್ಕೆ ಒಂದೇ ಬಣ್ಣ ಸಾಕು. ಸಂಖ್ಯೆ ಸುತ್ತುಸುತ್ತಿಗೂ ಬದಲಾಗುವಲ್ಲಿ ಚಿತ್ತಾರ ಕೂರುವುದಿಲ್ಲ; ಜೊತೆಗೆ ಹಿಂಬದಿಯ ಎಳೆಗೆ ಉಗುರೋ ಕಾಲುಂಗುರವೋ ಸಿಕ್ಕಿಕೊಂಡರೆ ಕೆಲಸವೆಲ್ಲ ಹಾಳು.

ಹಿಮ್ಮಡಿ ದಾಟದ ಚೀಲ

ಅರವತ್ತು ಮುಟ್ಟಿದ ಮೇಲೆ ಬಣ್ಣ ಆರಂಭ. ಎರಡು ದಾರಗಳಲ್ಲಿ ಯಾವುದನ್ನು ಕೆಳಗೆ ಹಿಡಿದು ಒಯ್ಯುತ್ತೇವೋ ಅದರ ಕುಣಿಕೆ ಒಂದಿಷ್ಟು ದೊಡ್ಡದಾಗಿ ಎದ್ದು ಕಾಣುತ್ತದೆ. ನಡುವೆ ಅದಲುಬದಲು ಮಾಡಿದರೆ ಅದೇ ಹೂವು ಒಂದು ಕಡೆ ಉಜ್ವಲ, ಇನ್ನೊಂದು ಕಡೆ ಮಂಕು. ಬಣ್ಣದ ಆಯ್ಕೆಯಲ್ಲೂ ಒಂದು ಪರೀಕ್ಷೆಯುಂಟು. ಎರಡೂ ದಾರಗಳನ್ನು ಒಟ್ಟಿಗಿಟ್ಟು ಕಪ್ಪು–ಬಿಳುಪು ಫೋಟೊ ತೆಗೆದು ನೋಡಿ. ಕೆಂಪು ಹಸಿರು ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಚಿತ್ತಾರ ದೂರದಿಂದ ಕಾಣದು. ಕಣ್ಣಿಗೆ ಮುಖ್ಯವಾದದ್ದು ಬಣ್ಣದ ಹೆಸರಲ್ಲ, ಬೆಳಕಿನ ಅಂತರ. ಈಜಿಪ್ಟಿನವರ ನೀಲಿ–ಬಿಳಿ ಇವತ್ತಿಗೂ ಸ್ಪಷ್ಟವಾಗಿರುವುದು ಇದರಿಂದಲೇ.

ಇನ್ನು ಮುಖ್ಯ ಅಪಾಯ. ಒಂದು ಟೇಪು ಹಿಡಿದು ನಿಮ್ಮ ಪಾದದ ಸುತ್ತಳತೆ ಅಳೆಯಿರಿ. ಆಮೇಲೆ ಹಿಮ್ಮಡಿಯ ತುದಿಯಿಂದ ಓರೆಯಾಗಿ ಪಾದದ ಮೇಲಿನ ಮಡಿಕೆಯನ್ನು ಸುತ್ತಿ ಅಳೆಯಿರಿ. ಮೊದಲನೆಯದು 20 ಇದ್ದರೆ ಎರಡನೆಯದು 27ರ ಆಸುಪಾಸಿಗೆ ಬರುತ್ತದೆ. ತೊಡುವಾಗ ಚೀಲ ಈ 27ನ್ನು ದಾಟಿಯೇ ಹೋಗಬೇಕು! ಒಂದೇ ಬಣ್ಣದ ಸಾದಾ ಚೀಲ ಆರಾಮವಾಗಿ ದಾಟುತ್ತದೆ. ಅದನ್ನು ಶೇಕಡ 10ರಷ್ಟು ಚಿಕ್ಕದಾಗಿ, 54 ಕುಣಿಕೆಗೇ ಹೆಣೆಯುವುದೂ ಉಂಟು. ಬಣ್ಣದ ಚೀಲಕ್ಕೆ ಹಾಗೆ ಮಾಡುವಂತಿಲ್ಲ. ಬೆನ್ನಿನ ನೇರ ಎಳೆಗಳು ಬಿಗಿಯಾಗಿದ್ದರಂತೂ ಚೀಲ ಹಿಮ್ಮಡಿಯ ಬಳಿ ಬಂದು ನಿಲ್ಲುತ್ತದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೇಲ್ಮೈ ನೋಡಿದರೆ ಬಹುಮಾನ ಕೊಡಬೇಕು, ಕಾಲಿಗೆ ಮಾತ್ರ ಹೋಗದು. ಎರಡು ವಾರದ ಕೆಲಸ ಹೀಗೆ ವ್ಯರ್ಥವಾದ ಮೇಲೆ ಕಡ್ಡಿಗಳನ್ನು ಟ್ರಂಕಿಗೆ ಹಾಕಿ ಬೀಗ ಹಾಕಿದವರು ಎಷ್ಟೋ ಮಂದಿ.

ಬೆರಳಿನಿಂದ ಮೇಲಕ್ಕೆ ಹೆಣೆಯುವುದರ ದೊಡ್ಡ ಲಾಭ ಇರುವುದು ಇಲ್ಲಿಯೇ. ಮೇಲಿನಿಂದ ಕೆಳಗೆ ಹೆಣೆದರೆ ಪಾದದ ಅಳತೆ ತಪ್ಪಿದ್ದು ಗೊತ್ತಾಗುವುದು ಕಟ್ಟಕಡೆಯಲ್ಲಿ. ಬೆರಳಿನಿಂದ ಹೊರಟರೆ ನಾಲ್ಕು ಬೆರಳಗಲ ಹೆಣೆದೊಡನೆ ಕಡ್ಡಿಗಳ ಸಮೇತ ಟೋಪಿಯಂತೆ ಪಾದಕ್ಕೆ ಹಾಕಿ ನೋಡಬಹುದು. ಬಿಗಿಯಾದರೆ ಹತ್ತು ಸುತ್ತು ಬಿಚ್ಚಿದರಾಯಿತು. ಇಡೀ ಚೀಲ ಬಿಚ್ಚಬೇಕಾಗಿಲ್ಲ. ವರ್ಷವಿಡೀ ಸುಮ್ಮನಿದ್ದು ಮಾರ್ಚ್ ತಿಂಗಳಲ್ಲಿ ಎಚ್ಚರಗೊಳ್ಳುವ ಮನೆಗಳಿಗೆ ಈ ಕ್ರಮ ಸ್ವಲ್ಪ ವಿಚಿತ್ರವಾಗಿ ಕಂಡೀತು. ಇನ್ನೊಂದು ಲಾಭ ದಾರದ್ದು: ಕೈಯಲ್ಲಿರುವ ನೂಲು ಮುಗಿಯುವವರೆಗೆ ಕಾಲಿನ ಉದ್ದ ಬೆಳೆಸಬಹುದು, ಬೆರಳಿನ ಹತ್ತಿರ ಬಂದಾಗ ದಾರ ಸಾಲದೆ ಹೋಗುವ ಭಯವಿಲ್ಲ.

ಹಿಂಬದಿಯ ಎಳೆ ಬಿಗಿಯಾಗದಂತೆ ನೋಡಿಕೊಳ್ಳಲು ಬಣ್ಣ ಬದಲಿಸುವ ಮುನ್ನ ಬಲಗಡ್ಡಿಯ ಕುಣಿಕೆಗಳನ್ನು ಬೆರಳಿನಿಂದ ಅಗಲಿಸಿ, ಆಮೇಲೆ ಹೊಸ ದಾರವನ್ನು ಎಳೆದುಕೊಳ್ಳಬೇಕು. ಎಳೆ ಐದಾರು ಕುಣಿಕೆಗಿಂತ ಹೆಚ್ಚು ದೂರ ಹಾಯುವುದಾದರೆ ನಡುವೆ ಒಮ್ಮೆ ಕೆಲಸದ ದಾರದೊಡನೆ ತಿರುಚಿ ಕಟ್ಟಿಹಾಕಬೇಕು. ಇದಕ್ಕಿಂತ ಚೆಂದದ ಉಪಾಯವೊಂದಿದೆ. ಚೀಲವನ್ನು ಒಳಮೈ ಹೊರಗೆ ಬರುವಂತೆ ಮಗುಚಿಟ್ಟುಕೊಂಡು, ಆಚೆ ಬದಿಯ ಕಡ್ಡಿಗಳಲ್ಲಿ ಹೆಣೆಯುವುದು. ಆಗ ಚಿತ್ತಾರ ಕೊಳವೆಯ ಒಳಗೆ, ಹಾಯುವ ಎಳೆಗಳು ಹೊರಗೆ. ಒಳಗಿನ ವೃತ್ತಕ್ಕಿಂತ ಹೊರಗಿನ ವೃತ್ತದ ಪರಿಧಿ ದೊಡ್ಡದಲ್ಲವೆ? ಎಳೆಗಳು ತಮಗೆ ಗೊತ್ತಿಲ್ಲದೆಯೇ ಅಷ್ಟು ಉದ್ದ ಹೆಚ್ಚು ಪಡೆಯುತ್ತವೆ. ಮುಗಿದ ಮೇಲೆ ಮಗುಚಿದರೆ ಆ ಹೆಚ್ಚಿನ ಉದ್ದವೇ ಹಿಮ್ಮಡಿ ದಾಟಲು ಬೇಕಾದ ಸಡಿಲ.

ಕಾರ್ಖಾನೆಯ ಬಣ್ಣದ ಕಾಲುಚೀಲ ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದೆ. ಒಳಮೈ ಹೊರಗೆ ಮಾಡಿ ನೋಡಿದರೆ ಎಳೆಗಳನ್ನು ಅಲ್ಲಲ್ಲೇ ಕತ್ತರಿಸಿ ಬಿಟ್ಟಿರುವುದು ಕಾಣುತ್ತದೆ, ದೊಡ್ಡಬಳ್ಳಾಪುರದ ಸೀರೆಯ ಬುಟ್ಟಾದ ಹಿಂಬದಿಯ ಹಾಗೆಯೇ. ಜೊತೆಗೆ ಹಿಗ್ಗುವ ನೈಲಾನ್ ಎಳೆಯೊಂದು ಸೇರಿರುತ್ತದೆ. ಯಂತ್ರದ ಕಥೆಯೂ ಹಳೆಯದೇ. ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದದ್ದು 1589ರಲ್ಲಿ. ಕೈಹೆಣಿಗೆಯ ಬಡವರ ಅನ್ನ ಹೋದೀತೆಂದು ಎಲಿಜಬೆತ್ ರಾಣಿ ಅವನಿಗೆ ಹಕ್ಕುಪತ್ರ ನಿರಾಕರಿಸಿದಳೆಂದು ಹೇಳುತ್ತಾರೆ. ಅವನು ಫ್ರಾನ್ಸಿಗೆ ಹೋದ. ಯಂತ್ರ ಮಾತ್ರ ಗೆದ್ದಿತು. ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಬಂದು, ಈಗ ಸೂರತ್ತಿನ ಅಗ್ಗದ ಸೀರೆಗಳ ಪೈಪೋಟಿ ಎದುರಿಸುತ್ತಿರುವ ನೇಕಾರ ಮನೆಗಳಿಗೆ ಈ ಕಥೆ ಹೊಸದೇನಲ್ಲ.

ಇನ್ನೊಂದು ತುದಿ

ಪಾದ 17 ಸೆಂ.ಮೀ. ಆದಾಗ, ಅಂದರೆ 22 ಸೆಂ.ಮೀ. ಉದ್ದದ ಪಾದಕ್ಕೆ ಇನ್ನು 5 ಉಳಿದಾಗ, ಹಿಮ್ಮಡಿಯ ಜಾಗ ಬರುತ್ತದೆ. ಅಂಗಾಲಿನ ಕಡೆಯ 30 ಕುಣಿಕೆಗಳನ್ನು ಬೇರೆ ಬಣ್ಣದ ತುಂಡು ದಾರದಲ್ಲಿ ಒಮ್ಮೆ ಹೆಣೆದು, ಆ 30ನ್ನೇ ಎಡಗಡ್ಡಿಗೆ ಮರಳಿಸಿ, ಏನೂ ಆಗದವರಂತೆ ಚಿತ್ತಾರ ಮುಂದುವರಿಸಿ ಕಣಕಾಲಿನತ್ತ ಸಾಗುವುದು. ಕಾಲಿನ ಭಾಗವೆಲ್ಲ ಮುಗಿದ ಮೇಲೆ ಆ ತುಂಡು ದಾರವನ್ನು ಎಳೆದು ತೆಗೆದರೆ ಬಾಯಿ ತೆರೆದಂತೆ ಕೆಳಗೆ 30, ಮೇಲೆ 30 ಕುಣಿಕೆ ಸಿಗುತ್ತವೆ. ಒಟ್ಟು ಮತ್ತೆ 60! ಅವನ್ನು ಕಡ್ಡಿಗೆ ಏರಿಸಿಕೊಂಡು ಎರಡು ಸುತ್ತಿಗೊಮ್ಮೆ 4ರಂತೆ ಇಳಿಸುತ್ತ 56, 52, 48... 20ಕ್ಕೆ ಬರಬೇಕು. ಬೆರಳ ತುದಿಯ ಶ್ರೇಢಿಯೇ ಹಿಂದುಮುಂದಾಗಿ ಬಂದಿದೆ. ಹಿಮ್ಮಡಿಯೆಂದರೆ ಆಕಾರದಲ್ಲಿ ಇನ್ನೊಂದು ಬೆರಳ ತುದಿಯೇ, ಕನ್ನಡಿಯಲ್ಲಿ ಕಂಡಂತೆ. ಉಳಿದ 10–10 ಕುಣಿಕೆಗಳನ್ನು ದಬ್ಬಳದಿಂದ ಸೇರಿಸುವ ಗುರುತು ಕಾಣದ ಹೊಲಿಗೆಗೆ ಕಿಚನರ್ ಹೊಲಿಗೆ ಎಂದು ಹೆಸರು. 1902ರಿಂದ 1909ರವರೆಗೆ ಭಾರತದ ದಂಡನಾಯಕನಾಗಿದ್ದ ಲಾರ್ಡ್ ಕಿಚನರನ ಹೆಸರದು.

ಹೀಗೆ ಕೊನೆಗೆ ಸೇರಿಸಿದ ಹಿಮ್ಮಡಿಗೆ ಮತ್ತೊಂದು ಗುಣವಿದೆ. ಸವೆದಾಗ ಅದಷ್ಟನ್ನೇ ಬಿಚ್ಚಿ ಹೊಸದಾಗಿ ಹೆಣೆಯಬಹುದು. ಮೇಲಿನ ಚಿತ್ತಾರಕ್ಕೆ ಕೈ ಹಾಕಬೇಕಾಗಿಲ್ಲ. ಈಜಿಪ್ಟಿನ ಚೀಲಗಳಲ್ಲೂ ಹಿಮ್ಮಡಿಯನ್ನು ಕಡೆಯಲ್ಲಿ ಕೂರಿಸಿದ ಉದಾಹರಣೆ ಇದೆ.

ಇದೆಲ್ಲ ಹೆಣ್ಣುಮಕ್ಕಳ ಕೆಲಸವೆಂದು ಮೂಗು ಮುರಿಯುವ ಹುಡುಗರಿಗೆ ಒಂದು ಮಾತು. ಪೆರು ದೇಶದ ಟಿಟಿಕಾಕಾ ಸರೋವರದಲ್ಲಿರುವ ಟಕೀಲೆ ದ್ವೀಪದಲ್ಲಿ ಹೆಣೆಯುವವರು ಗಂಡಸರು. ಹುಡುಗರು ಚಿಕ್ಕಂದಿನಲ್ಲೇ ತೆಳ್ಳನೆಯ ಕಡ್ಡಿಗಳಲ್ಲಿ ಬಣ್ಣದ ಟೋಪಿ ಹೆಣೆಯಲು ಕಲಿಯುತ್ತಾರೆ. 2005ರಲ್ಲಿ ಯುನೆಸ್ಕೊ ಆ ದ್ವೀಪದ ಜವಳಿ ಕಲೆಯನ್ನು ಮಾನವಕುಲದ ಪರಂಪರೆಯೆಂದು ಘೋಷಿಸಿತು. ನಮ್ಮಲ್ಲಿಯೂ 1937ರ ವಾರ್ಧಾ ಶಿಕ್ಷಣ ಯೋಜನೆಯ ಪ್ರಭಾವದಿಂದ ಹುಡುಗ ಹುಡುಗಿ ಎನ್ನದೆ ಶಾಲೆಯಲ್ಲಿ ತಕಲಿ ಹಿಡಿದು ನೂತ ತಲೆಮಾರೊಂದಿತ್ತು. ಎಷ್ಟು ಗಜ ನೂಲು, ಎಷ್ಟು ತೂಕ ಎಂದು ಅಳೆದು ಪುಸ್ತಕದಲ್ಲಿ ಬರೆಯುವುದೇ ಅಂದಿನ ಲೆಕ್ಕದ ಪಾಠ. ಈಗ ಹೊಲಿಗೆ–ಹೆಣಿಗೆಯ ಪೀರಿಯಡ್ ಇನ್ನೂ ಉಳಿದಿರುವ ಶಾಲೆಗಳಲ್ಲೂ ಹತ್ತನೆಯ ತರಗತಿಗೆ ಬಂದೊಡನೆ ಅದನ್ನು ಗಣಿತದ ವಿಶೇಷ ತರಗತಿಗೆ ಬಿಟ್ಟುಕೊಡುವುದುಂಟು. ಸಮಾಂತರ ಶ್ರೇಢಿಯನ್ನು ಕರಿಹಲಗೆಯ ಮೇಲೆ ಇನ್ನೊಂದು ಸಲ ಹೇಳಿಕೊಡುವುದಕ್ಕಾಗಿ!

‘ಇದಕ್ಕೆಲ್ಲ ಸಮಯವೆಲ್ಲಿ?’ ಎಂದು ತಂದೆತಾಯಿ ಕೇಳುವುದು ಸಹಜ. ಲೆಕ್ಕ ಹಾಕೋಣ. ಬೆರಳ ತುದಿಗೆ 840, ಪಾದದ 12 ಸೆಂ.ಮೀ.ಗೆ 48 ಸುತ್ತು, ಅಂದರೆ 2,880. ಕಾಲಿನ ಭಾಗ ಅಷ್ಟೇ ಉದ್ದವಿದ್ದರೆ ಮತ್ತೆ 2,880. ಮೇಲಿನ 3 ಸೆಂ.ಮೀ. ಪಟ್ಟಿಗೆ 720, ಹಿಮ್ಮಡಿಗೆ 760. ಒಟ್ಟು 8,080 ಕುಣಿಕೆ. ಹೊಸಬರು ನಿಮಿಷಕ್ಕೆ ಹತ್ತು ಕುಣಿಕೆ ಹೆಣೆದರೂ ಹದಿಮೂರೂವರೆ ಗಂಟೆ. ಸಂಜೆ ಅರ್ಧ ಗಂಟೆಯಂತೆ ಕುಳಿತರೆ ಒಂದು ತಿಂಗಳಿಗೂ ಮುಂಚೆ ಮುಗಿಯುತ್ತದೆ. ಬಿಚ್ಚಿ ಹೆಣೆಯುವುದಕ್ಕೆಂದು ಇನ್ನೊಂದು ವಾರ ಸೇರಿಸಿಕೊಳ್ಳುವುದು ಒಳ್ಳೆಯದು.

ಮೇಲಿನ ಪಟ್ಟಿಯನ್ನು ಎರಡು ಸೀದಾ, ಎರಡು ಉಲ್ಟಾ ಹೆಣೆದರೆ ಅದು ತಾನೇ ಕಾಲನ್ನು ಹಿಡಿದು ನಿಲ್ಲುತ್ತದೆ. ರಬ್ಬರ್ ಪಟ್ಟಿ ಬೇಡ. ಕೊನೆಯ ಕುಣಿಕೆಗಳನ್ನು ಮುಚ್ಚುವಾಗ ಮಾತ್ರ ಕೈ ಸಡಿಲವಿರಬೇಕು, ಬೇಕಾದರೆ ದಪ್ಪ ಕಡ್ಡಿ ಬಳಸಬೇಕು. ಇಷ್ಟು ದೂರ ಬಂದು ಇಲ್ಲಿ ಬಿಗಿ ಮಾಡಿದರೂ ಚೀಲ ಹಿಮ್ಮಡಿ ದಾಟುವುದಿಲ್ಲ. ದಾರದ ತುದಿಗಳನ್ನು ಒಳಮೈಯಲ್ಲಿ ಸೇರಿಸಿ, ತಣ್ಣೀರಿನಲ್ಲಿ ಅದ್ದಿ, ಬಿಳಿ ಬಟ್ಟೆಯೊಂದರ ನಡುವೆ ಒತ್ತಿ ನೆರಳಿನಲ್ಲಿ ಒಣಗಿಸಬೇಕು. ಬಣ್ಣ ಬಿಡುತ್ತದೆಯೋ ಇಲ್ಲವೋ ಎಂಬುದನ್ನು ಆ ಬಿಳಿ ಬಟ್ಟೆಯೇ ಹೇಳುತ್ತದೆ. ಈ ಕಾಲುಚೀಲಕ್ಕೆ ಎಡ ಬಲ ಎಂಬ ಭೇದವಿಲ್ಲ. ಸುತ್ತುಗಳ ಲೆಕ್ಕವನ್ನು, ಯಾವ ದಾರ ಕೆಳಗಿತ್ತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರೆ ಎರಡನೆಯ ಕಾಲಿನದನ್ನು ಮಾರನೆಯ ದಿನವೇ ಆರಂಭಿಸಬಹುದು.